ಬಾಗಿಲು ತೆರೆದವರು ಯಾರು? — ಗೃಹಶೋಧನೆಯೂ ಪರರ ಒಪ್ಪಿಗೆಯೂ

ಪೋಲೀಸರು ಒಂದು ಮನೆಯನ್ನು ಶೋಧಿಸಲು ಬರುತ್ತಾರೆ ಎಂದಿಟ್ಟುಕೊಳ್ಳೋಣ. ಮನೆಯ ಯಜಮಾನ ಸಂತೆಗೆ ಹೋಗಿದ್ದಾನೆ. ಮನೆಯಲ್ಲಿರುವವರು ಮುದುಕಿಯಾದ ಅವನ ತಾಯಿ ಮತ್ತು ಎಂಟನೆಯ ತರಗತಿಯಲ್ಲಿ ಓದುವ ಮಗ, ಇಬ್ಬರೇ. ಖಾಕಿ ಉಡುಪನ್ನು ಕಂಡು ಗಾಬರಿಯಾದ ಅಜ್ಜಿ "ಬನ್ನಿ ಸ್ವಾಮಿ, ನೋಡಿಕೊಳ್ಳಿ" ಎಂದು ಬಾಗಿಲು ತೆರೆಯುತ್ತಾಳೆ. ಯಜಮಾನನ ಪೆಟ್ಟಿಗೆಯೊಳಗೆ ಏನೋ ಒಂದು ವಸ್ತು ಸಿಗುತ್ತದೆ. ಅಜ್ಜಿ ಆಡಿದ ಆ ಒಂದು ಮಾತಿಗೆ ಕಾನೂನಿನಲ್ಲಿ ಎಷ್ಟು ಬೆಲೆ? ಮಗನ ಪೆಟ್ಟಿಗೆಯನ್ನು ತೆರೆಯಲು ತಾಯಿ ಅನುಮತಿ ಕೊಡಬಹುದೆ? ಬಾಡಿಗೆದಾರನ ಕೋಣೆಗೆ ಮನೆಯ ಮಾಲೀಕ ಅನುಮತಿ ಕೊಡಬಹುದೆ? ಒಬ್ಬ ವಿದ್ಯಾರ್ಥಿಯ ಟ್ರಂಕಿಗೆ ಅವನ ಕೋಣೆಯ ಗೆಳೆಯ ಕೊಡಬಹುದೆ?

ಕಾನೂನು ಬಲ್ಲವರು ಇದನ್ನು "ಮೂರನೆಯವರ ಒಪ್ಪಿಗೆ" ಎನ್ನುತ್ತಾರೆ. ಶೋಧಿಸುವವರು ಪೋಲೀಸರು, ಸಂಶಯಕ್ಕೆ ಒಳಗಾದವನು ಎರಡನೆಯವನು, ಇವರಿಬ್ಬರೂ ಅಲ್ಲದೆ ನಡುವೆ ನಿಂತು ಬಾಗಿಲು ತೆರೆಯುವವರು ಮೂರನೆಯವರು. ಇದು ವಕೀಲರಿಗೆ ಮಾತ್ರ ಬೇಕಾದ ವಿಷಯವೆಂದು ವಿದ್ಯಾರ್ಥಿಗಳು ತಿಳಿಯಬಾರದು. ತಂದೆತಾಯಿಗಳು ಹೊಲಕ್ಕೋ ಹೊಸೂರಿನ ಕಾರ್ಖಾನೆಗೋ ಹೋದ ಮೇಲೆ ನಮ್ಮ ಊರುಗಳಲ್ಲಿ ಮನೆಯ ಬಾಗಿಲು ತೆರೆಯುವವರು ಸಾಮಾನ್ಯವಾಗಿ ಹಿರಿಯರು ಮತ್ತು ಮಕ್ಕಳು. ಆದುದರಿಂದ ಈ ಪಾಠ ಮೊದಲು ಸಲ್ಲಬೇಕಾದುದು ನಿಮಗೇ.

ಮನೆಯ ಮರ್ಯಾದೆ

ಮನೆಗೆ ಒಂದು ಮರ್ಯಾದೆ ಉಂಟು. ಅಪ್ಪಣೆಯಿಲ್ಲದೆ ಒಬ್ಬರ ಹೊಸ್ತಿಲು ದಾಟಬಾರದು ಎಂಬುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ನಡತೆ. ಇದೇ ಭಾವನೆ ಕಾನೂನಿನಲ್ಲಿಯೂ ನಿಧಾನವಾಗಿ ಬೇರೂರಿತು. ಇಂಗ್ಲೆಂಡಿನಲ್ಲಿ 1604ರಷ್ಟು ಹಿಂದೆಯೇ ನ್ಯಾಯಾಧೀಶರು ಸಾಮಾನ್ಯನ ಮನೆಯೂ ಅವನ ಪಾಲಿಗೆ ಕೋಟೆಯೇ ಸರಿ ಎಂದು ತೀರ್ಮಾನಿಸಿದರು. ರಾಜನ ಅಧಿಕಾರಿಯಾದರೂ ಬಲವಂತವಾಗಿ ಒಳನುಗ್ಗುವ ಮೊದಲು ತಾನು ಬಂದ ಕಾರಣವನ್ನು ತಿಳಿಸಿ, ಬಾಗಿಲು ತೆರೆಯಿರೆಂದು ಕೇಳಬೇಕು ಎಂದರು. 1762ರಲ್ಲಿ ಜಾನ್ ಎಂಟಿಕ್ ಎಂಬ ಬರಹಗಾರನ ಮನೆಗೆ ರಾಜದೂತರು ನುಗ್ಗಿ ಅವನ ಕಾಗದಪತ್ರಗಳನ್ನು ಹೊತ್ತುಕೊಂಡು ಹೋದರು. ಮಂತ್ರಿಯೊಬ್ಬನ ಆಜ್ಞೆ ಇದೆಯೆಂದು ಅವರು ವಾದಿಸಿದರು. 1765ರಲ್ಲಿ ಲಾರ್ಡ್ ಕ್ಯಾಮ್ಡೆನ್ ಎಂಬ ನ್ಯಾಯಾಧೀಶರು, ಅಂಥ ಆಜ್ಞೆಗೆ ಆಧಾರವಾದ ಕಾನೂನು ಪುಸ್ತಕದಲ್ಲಿ ಎಲ್ಲಿಯೂ ಇಲ್ಲವಾದುದರಿಂದ ಅದು ಅಕ್ರಮವೆಂದು ತೀರ್ಪು ಕೊಟ್ಟರು. ದೊಡ್ಡವರ ಮಾತೇ ಕಾನೂನು ಆಗದು ಎಂಬ ತತ್ವ ಅಲ್ಲಿ ಗಟ್ಟಿಯಾಯಿತು.

ನಮ್ಮ ಸಂವಿಧಾನದಲ್ಲಿ ಗೃಹಶೋಧನೆಯನ್ನು ಕುರಿತೇ ಬರೆದ ವಿಧಿ ಇಲ್ಲ. 1954ರಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳ ಪೀಠ, ಖಾಸಗಿತನದ ಹಕ್ಕನ್ನು ನಮ್ಮ ಸಂವಿಧಾನದಲ್ಲಿ ಕಾಣಲಾಗದು ಎಂದಿತು. 1962ರಲ್ಲಿ ಖರಕ್ ಸಿಂಗ್ ಮೊಕದ್ದಮೆಯಲ್ಲಿ, ಸಂಶಯಿತರ ಮನೆಗೆ ಪೋಲೀಸರು ರಾತ್ರಿಯ ವೇಳೆ ಹೋಗಿ ಬಾಗಿಲು ತಟ್ಟಲು ಅವಕಾಶ ಕೊಟ್ಟಿದ್ದ ಉತ್ತರ ಪ್ರದೇಶದ ನಿಯಮವನ್ನು ಅದೇ ಕೋರ್ಟು ರದ್ದು ಮಾಡಿತು. ಆದರೂ ಖಾಸಗಿತನವು ಮೂಲಭೂತ ಹಕ್ಕು ಎಂದು ಒಪ್ಪಿಕೊಳ್ಳಲಿಲ್ಲ.

ಈ ಮಾತನ್ನು ಕೊನೆಗೆ ಇತ್ಯರ್ಥಪಡಿಸಿದ ಮೊಕದ್ದಮೆಗೆ ಒಬ್ಬ ಕನ್ನಡಿಗರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತರ ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಏಕಮತದಿಂದ, ಖಾಸಗಿತನವು ಸಂವಿಧಾನದ 21ನೆಯ ವಿಧಿ ಕೊಡುವ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆ ಎಂದು ಘೋಷಿಸಿದರು. ಹಿಂದಿನ ಎರಡು ತೀರ್ಪುಗಳ ವಿರುದ್ಧವಾದ ಮಾತುಗಳು ಅಂದಿಗೆ ಬಿದ್ದುಹೋದವು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರು ಕಾನೂನು ಪುಸ್ತಕಗಳಲ್ಲಿ ಉಳಿಯಿತು.

ಅಮೆರಿಕದವರ ಮಾರ್ಗ

ಮೂರನೆಯವರ ಒಪ್ಪಿಗೆಯ ಪ್ರಶ್ನೆ ಹೆಚ್ಚಾಗಿ ಚರ್ಚೆಯಾಗಿರುವುದು ಅಮೆರಿಕದಲ್ಲಿ. ಅಲ್ಲಿಯ ಸಂವಿಧಾನಕ್ಕೆ 1791ರಲ್ಲಿ ಸೇರಿದ ನಾಲ್ಕನೆಯ ತಿದ್ದುಪಡಿಯು ಸಕಾರಣವಿಲ್ಲದ ಶೋಧನೆಯನ್ನು ನಿಷೇಧಿಸುತ್ತದೆ. ಆದರೆ ಮನೆಯವರೇ ಒಪ್ಪಿದರೆ ವಾರಂಟು ಬೇಕಿಲ್ಲ. ಹಾಗಾದರೆ "ಮನೆಯವರು" ಎಂದರೆ ಯಾರು?

ಮನೆಯ ಮಾಲೀಕನು ಬಾಡಿಗೆದಾರನ ಪರವಾಗಿ ಒಪ್ಪಿಗೆ ಕೊಡಲಾರನೆಂದು ಅಲ್ಲಿಯ ಸುಪ್ರೀಂ ಕೋರ್ಟು 1961ರಲ್ಲಿ ಹೇಳಿತು. ಹೋಟೆಲಿನ ಗುಮಾಸ್ತನು ತಂಗಿರುವ ಅತಿಥಿಯ ಕೋಣೆಗೆ ಒಪ್ಪಿಗೆ ಕೊಡಲಾರನೆಂದು 1964ರಲ್ಲಿ ಹೇಳಿತು. 1974ರಲ್ಲಿ ಮ್ಯಾಟ್ಲಾಕ್ ಮೊಕದ್ದಮೆಯಲ್ಲಿ, ಒಂದು ಕೋಣೆಯನ್ನು ಇಬ್ಬರು ಸಮಾನವಾಗಿ ಬಳಸುತ್ತಿದ್ದರೆ ಅವರಲ್ಲಿ ಒಬ್ಬರು ಕೊಟ್ಟ ಒಪ್ಪಿಗೆ, ಅಲ್ಲಿ ಇಲ್ಲದ ಇನ್ನೊಬ್ಬರ ಮೇಲೂ ಸಲ್ಲುತ್ತದೆ ಎಂದಿತು. 1990ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಪ್ಪಿಗೆ ಕೊಟ್ಟವರಿಗೆ ನಿಜವಾಗಿ ಅಧಿಕಾರವಿಲ್ಲದಿದ್ದರೂ ಇದೆಯೆಂದು ಪೋಲೀಸರು ಸಕಾರಣವಾಗಿ ನಂಬಿದ್ದರೆ ಸಾಕು ಎಂದಿತು. ಆದರೆ 2006ರಲ್ಲಿ ಹೆಂಡತಿ "ಬನ್ನಿ" ಎಂದು, ಅದೇ ಬಾಗಿಲಲ್ಲಿ ನಿಂತ ಗಂಡ "ಕೂಡದು" ಎಂದ ಪ್ರಸಂಗ ಬಂತು. ಎದುರಿಗೆ ನಿಂತು ಬೇಡವೆನ್ನುವವನ ಮಾತನ್ನು ಮೀರಿ, ಇನ್ನೊಬ್ಬರ ಒಪ್ಪಿಗೆಯ ಬಲದಿಂದ ಮಾತ್ರ ಒಳಹೋಗುವುದು ಅವನ ಮಟ್ಟಿಗೆ ಸಲ್ಲದೆಂದು ಕೋರ್ಟು ತೀರ್ಪಿತ್ತಿತು.

ಈ ತೀರ್ಪುಗಳನ್ನು ಸೇರಿಸಿ ನೋಡಿದರೆ ಅಮೆರಿಕದ ಮಾರ್ಗದ ಗುಣವೂ ದೋಷವೂ ಕಾಣುತ್ತವೆ. ಅಲ್ಲಿ ಒಪ್ಪಿಗೆಯೇ ಬಾಗಿಲಿನ ಕೀಲಿಕೈ. ಆದುದರಿಂದ ಯಾರು ಒಪ್ಪಿದರು, ಹೆದರಿ ಒಪ್ಪಿದರೋ ಮನಸ್ಸಾರೆ ಒಪ್ಪಿದರೋ ಎಂಬ ಪ್ರಶ್ನೆಗಳ ಮೇಲೆ ಇಡೀ ಮೊಕದ್ದಮೆ ನಿಲ್ಲಬಹುದು. ಒಪ್ಪಿಗೆ ಕೇಳುವಾಗ "ನೀವು ಬೇಡವೆನ್ನಬಹುದು" ಎಂದು ಪೋಲೀಸರು ಹೇಳಲೇಬೇಕೆಂಬ ನಿಯಮವೂ ಇಲ್ಲವೆಂದು ಅದೇ ಕೋರ್ಟು 1973ರಲ್ಲಿ ಹೇಳಿದೆ.

ನಮ್ಮ ಸಂಹಿತೆಯ ಮಾರ್ಗ

ನಮ್ಮ ದೇಶದ ಕಾನೂನು ಬೇರೊಂದು ದಾರಿ ಹಿಡಿದಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯು 1974ರ ಏಪ್ರಿಲ್ 1ರಿಂದ ಅರ್ಧ ಶತಮಾನ ನಡೆಯಿತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದ್ದರೂ ಶೋಧನೆಯ ಮೂಲ ನಿಯಮಗಳು ಬಹುಮಟ್ಟಿಗೆ ಹಳೆಯವೇ. ಗೃಹಶೋಧನೆಗೆ ಮನೆಯವರ ಒಪ್ಪಿಗೆಯೇ ಆಧಾರ ಎಂದು ಈ ಸಂಹಿತೆ ಎಲ್ಲಿಯೂ ಹೇಳುವುದಿಲ್ಲ. ಅದು ಹೇಳುವುದು ಕಾಗದವನ್ನು, ಸಾಕ್ಷಿಯನ್ನು ಮತ್ತು ಪಟ್ಟಿಯನ್ನು. ಈ ಮೂರನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಕಾಗದ. ಸಾಮಾನ್ಯ ಕ್ರಮದಲ್ಲಿ ಕೋರ್ಟು 96ನೆಯ ಕಲಮಿನಂತೆ ಶೋಧನಾ ವಾರಂಟು ಕೊಡುತ್ತದೆ. ಕೋರ್ಟಿಗೆ ಹೋಗಿ ಬರುವಷ್ಟರಲ್ಲಿ ವಸ್ತು ಕೈತಪ್ಪುವಂತಿದ್ದರೆ, ಠಾಣಾಧಿಕಾರಿಯಾಗಲಿ ತನಿಖೆ ನಡೆಸುವ ಅಧಿಕಾರಿಯಾಗಲಿ 185ನೆಯ ಕಲಮಿನಂತೆ ವಾರಂಟಿಲ್ಲದೆ ಶೋಧಿಸಬಹುದು. ಆದರೆ ಅದಕ್ಕೆ ಮೊದಲು ಆತ ತನ್ನ ನಂಬಿಕೆಗೆ ಕಾರಣಗಳನ್ನೂ, ಯಾವ ವಸ್ತುವಿಗಾಗಿ ಹುಡುಕುತ್ತಿದ್ದಾನೆಂಬುದನ್ನು ಸಾಧ್ಯವಾದಷ್ಟು ಸ್ಪಷ್ಟವಾಗಿಯೂ ಬರೆದಿಡಬೇಕು. ತಾನೇ ಹೋಗಲಾಗದೆ ಕೈಕೆಳಗಿನವರನ್ನು ಕಳುಹಿಸುವುದಾದರೆ ಅವರಿಗೂ ಲಿಖಿತ ಆಜ್ಞೆ ಕೊಡಬೇಕು. ಈ ಬರವಣಿಗೆಯ ಪ್ರತಿ 48 ಗಂಟೆಗಳೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ಮನೆಯವರು ಅರ್ಜಿ ಕೊಟ್ಟರೆ ಅವರಿಗೂ ಒಂದು ಪ್ರತಿ ಉಚಿತವಾಗಿ ಸಿಗಬೇಕು. ಬೇರೆ ಠಾಣೆಯ ಎಲ್ಲೆಯಲ್ಲಿ ತುರ್ತಾಗಿ ಶೋಧಿಸಬೇಕಾಗಿ ಬಂದರೆ ಆ ಠಾಣೆಯವರಿಗೂ ಕೂಡಲೇ ತಿಳಿಸಬೇಕೆಂದು 186ನೆಯ ಕಲಮು ವಿಧಿಸುತ್ತದೆ.

ಎರಡನೆಯದು ಸಾಕ್ಷಿ. 103ನೆಯ ಕಲಮಿನ ಪ್ರಕಾರ ಶೋಧನೆಗೆ ಮೊದಲು ಆ ಪ್ರದೇಶದ ಸ್ವತಂತ್ರರೂ ಗೌರವಸ್ಥರೂ ಆದ ಇಬ್ಬರು ಅಥವಾ ಹೆಚ್ಚು ಮಂದಿಯನ್ನು ಕರೆಯಬೇಕು. ಇವರನ್ನೇ ನಾವು ಪಂಚರು ಎನ್ನುತ್ತೇವೆ. ಪೋಲೀಸರಿಗಾಗಲಿ ಮನೆಯವರಿಗಾಗಲಿ ಅಂಟಿಕೊಳ್ಳದೆ ಕಂಡದ್ದನ್ನು ಕಂಡಂತೆ ಹೇಳುವುದು ಅವರ ಕರ್ತವ್ಯ. ಸಕಾರಣವಿಲ್ಲದೆ ಬರುವುದಿಲ್ಲವೆನ್ನುವುದು ಅಪರಾಧ. ನೆರೆಯವರ ಮನೆಯ ಶೋಧನೆಗೆ ಪಂಚರಾಗಿ ಕರೆದರೆ "ನಮಗೇಕೆ ಉಸಾಬರಿ" ಎಂದು ಬಾಗಿಲು ಮುಚ್ಚಿಕೊಳ್ಳುವುದು ನಮ್ಮಲ್ಲಿ ರೂಢಿ. ಆದರೆ ಒಳ್ಳೆಯ ನೆರೆಯವನು ಹಿಂದೆಗೆದರೆ ಆ ಜಾಗಕ್ಕೆ ಬರುವವನು ಯಾರೋ ಹೇಳಿದಂತೆ ರುಜು ಹಾಕುವವನಾಗಬಹುದು ಎಂಬುದನ್ನು ಹಿರಿಯರು ಯೋಚಿಸಬೇಕು.

ಮೂರನೆಯದು ಪಟ್ಟಿ. ಏನೇನು ಸಿಕ್ಕಿತು, ಯಾವುದು ಎಲ್ಲಿ ಸಿಕ್ಕಿತು ಎಂದು ಅಲ್ಲಿಯೇ ಬರೆದು ಪಂಚರ ರುಜು ಪಡೆಯಬೇಕು. ನಮ್ಮ ಕಡೆ ಮಹಜರು ಎನ್ನುವುದು ಇದನ್ನೇ. ಇದರ ಒಂದು ಪ್ರತಿಯನ್ನು ಮನೆಯವರಿಗೆ ಕೊಡಬೇಕು. ಮನೆಯಲ್ಲಿರುವವನಿಗೆ, ಅಥವಾ ಅವನ ಪರವಾಗಿ ಇನ್ನೊಬ್ಬರಿಗೆ, ಶೋಧನೆ ನಡೆಯುವಾಗ ಹತ್ತಿರ ನಿಂತು ನೋಡುವ ಹಕ್ಕಿದೆ. ಮೈ ತಪಾಸಣೆ ಮಾಡಬೇಕಾದವರು ಹೆಂಗಸರಾದರೆ, ಇನ್ನೊಬ್ಬ ಹೆಂಗಸೇ ಮರ್ಯಾದೆಗೆ ಕುಂದಿಲ್ಲದಂತೆ ಅದನ್ನು ಮಾಡಬೇಕು. ಹೊಸ ಸಂಹಿತೆಯ 105ನೆಯ ಕಲಮು ಇನ್ನೊಂದು ರಕ್ಷಣೆಯನ್ನು ಸೇರಿಸಿದೆ. ಶೋಧನೆಯ ಇಡೀ ಕ್ರಮವನ್ನು, ಪಟ್ಟಿ ಬರೆದು ರುಜು ಹಾಕುವವರೆಗೂ, ಮೊಬೈಲ್ ಫೋನಿನಂಥ ಸಾಧನದಿಂದ ದೃಶ್ಯ-ಧ್ವನಿಯಾಗಿ ಚಿತ್ರೀಕರಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು.

ಈಗ ನಮ್ಮ ಅಜ್ಜಿಯ ಮಾತಿಗೆ ಬರೋಣ. 103ನೆಯ ಕಲಮು, ಮುಚ್ಚಿದ ಸ್ಥಳದಲ್ಲಿ ವಾಸಿಸುವವರು ಅಥವಾ ಅದರ ಉಸ್ತುವಾರಿ ಹೊತ್ತವರು ವಾರಂಟನ್ನು ತೋರಿಸಿ ಕೇಳಿದಾಗ ಬಾಗಿಲು ತೆರೆದು ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ. ಹೀಗಾಗಿ ಪೋಲೀಸರ ಬಳಿ ಸರಿಯಾದ ಕಾಗದವಿದ್ದರೆ ಅಜ್ಜಿ ಬಾಗಿಲು ತೆರೆಯುವುದು ಒಪ್ಪಿಗೆಯಲ್ಲ, ಕರ್ತವ್ಯ; ತೆರೆಯದಿದ್ದರೆ ಕಾನೂನಿನ ಕ್ರಮದಂತೆ ಒಡೆದೂ ಒಳಬರಬಹುದು. ಕಾಗದವಿಲ್ಲದಿದ್ದರೆ ಅಜ್ಜಿಯ "ಬನ್ನಿ ಸ್ವಾಮಿ" ಎಂಬ ಮಾತು ಆ ಕಾಗದದ ಸ್ಥಾನವನ್ನು ತುಂಬುವುದಿಲ್ಲ. ನಮ್ಮ ಸಂಹಿತೆ ಕೇಳುವ ಮೊದಲ ಪ್ರಶ್ನೆ "ಯಾರು ಒಪ್ಪಿದರು?" ಎಂಬುದಲ್ಲ. "ಯಾವ ಅಧಿಕಾರದಿಂದ, ಯಾವ ಕಾರಣ ಬರೆದು ಬಂದಿರಿ?" ಎಂಬುದು.

ತಂದೆಯ ಕೈಯ ಬೀಗದ ಕೈ

ಇದಕ್ಕೆ ಒಳ್ಳೆಯ ಉದಾಹರಣೆ, 1963ರ ಕಾನೂನು ವರದಿಗಳಲ್ಲಿ ಬಂದಿರುವ ಉತ್ತರ ಪ್ರದೇಶದ ಒಬ್ಬ ಅಂಚೆ ಪೇದೆಯ ಮೊಕದ್ದಮೆ. ಅವನ ಮನೆಯನ್ನು ಶೋಧಿಸಿದಾಗ ಒಂದು ಬೀರುವಿನಲ್ಲಿ ವಿಲೇವಾರಿಯಾಗದ ಅಂಚೆ ಕಾಗದಗಳು ಸಿಕ್ಕಿದವು. ಮನೆಯಲ್ಲಿ ಅವನೊಡನೆ ತಂದೆಯೂ ವಾಸವಾಗಿದ್ದನು. ಬೀರುವಿನ ಬೀಗದ ಕೈಯನ್ನು ತಂದುಕೊಟ್ಟವನು ಆ ತಂದೆ.

ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ಶೋಧನೆಯಲ್ಲಿ ನಿಯಮ ತಪ್ಪಿದ್ದರೂ ಅಷ್ಟರಿಂದಲೇ ಸಿಕ್ಕ ವಸ್ತು ಸಾಕ್ಷ್ಯವಾಗದೆ ಹೋಗುವುದಿಲ್ಲ. ಆದರೆ ಅಂಥ ಶೋಧನೆಯನ್ನು ಮನೆಯವರು ತಡೆಯಬಹುದು, ಕೋರ್ಟೂ ಆ ಸಾಕ್ಷ್ಯವನ್ನು ಹೆಚ್ಚು ಎಚ್ಚರಿಕೆಯಿಂದ ಒರೆಗೆ ಹಚ್ಚಬಹುದು. ಇದು ಮೊದಲನೆಯದು. ಬೀರು ಇಬ್ಬರೂ ವಾಸಿಸುವ ಮನೆಯಲ್ಲಿತ್ತು, ಕೀಲಿಕೈ ತಂದೆಯಲ್ಲಿತ್ತು. ಹೀಗಿರಲು ಒಳಗಿದ್ದ ವಸ್ತು ಮಗನೊಬ್ಬನದೇ ವಶದಲ್ಲಿತ್ತು ಎನ್ನುವುದು ಹೇಗೆ? ಇದು ಎರಡನೆಯದು. ಅಂಚೆ ಕಾಗದಗಳನ್ನು ಬಚ್ಚಿಟ್ಟನೆಂಬ ಆರೋಪ ಅವನ ಮೇಲೆ ನಿಲ್ಲಲಿಲ್ಲ.

ಇಲ್ಲಿರುವ ಸೂಕ್ಷ್ಮವನ್ನು ಗಮನಿಸಿರಿ. ಮೂರನೆಯವರು ಕೀಲಿಕೈ ಕೊಟ್ಟಾಗ ಅಮೆರಿಕದ ಕೋರ್ಟು "ಕೊಡುವ ಅಧಿಕಾರ ಅವರಿಗಿತ್ತೆ?" ಎಂದು ಕೇಳುತ್ತದೆ. ನಮ್ಮ ಕೋರ್ಟು "ಕೀಲಿಕೈ ಅವರಲ್ಲಿದ್ದ ಮೇಲೆ ವಸ್ತು ಯಾರ ವಶದಲ್ಲಿದ್ದಂತಾಯಿತು?" ಎಂದು ಕೇಳಿತು. ಕೂಡುಕುಟುಂಬಗಳ ನಾಡಿಗೆ ಈ ಎರಡನೆಯ ಪ್ರಶ್ನೆ ಬಹಳ ಬೆಲೆಯುಳ್ಳದ್ದು. ಆದುದರಿಂದಲೇ ಮಹಜರಿನಲ್ಲಿ "ಮನೆಯಲ್ಲಿ ಸಿಕ್ಕಿತು" ಎಂದು ಬರೆದರೆ ಸಾಲದು. ಯಾವ ಕೋಣೆ, ಯಾವ ಪೆಟ್ಟಿಗೆ, ಬೀಗ ಇತ್ತೆ, ಕೈ ಯಾರು ಕೊಟ್ಟರು ಎಂಬುದೆಲ್ಲ ಬರಬೇಕು.

ಇದಕ್ಕಿಂತ ಸ್ವಲ್ಪ ಹಿಂದಿನದು, 1960ರ ವರದಿಗಳಲ್ಲಿ ಬಂದ ರಾಜಾಸ್ಥಾನದ ಮೊಕದ್ದಮೆ. ಹೊಗೆಸೊಪ್ಪು ಬೆಳೆದ ರೈತನೊಬ್ಬನ ಮನೆಯನ್ನು ಸುಂಕದ ಅಧಿಕಾರಿಗಳು ಕಾರಣ ಬರೆದಿಡದೆ ಶೋಧಿಸಲು ಹೋದರು. ಆತ ಅಡ್ಡಿಮಾಡಿದನೆಂದು ಅವನ ಮೇಲೆ ಮೊಕದ್ದಮೆಯಾಯಿತು. ಕಾರಣ ಬರೆದಿಡಬೇಕೆಂಬುದು ಬರಿಯ ಶಾಸ್ತ್ರಕ್ಕಾಗಿ ಇರುವ ನಿಯಮವಲ್ಲವೆಂದು ಸುಪ್ರೀಂ ಕೋರ್ಟು ಹೇಳಿ ಅವನ ಬಿಡುಗಡೆಯನ್ನು ಎತ್ತಿಹಿಡಿಯಿತು. ಹಾಗೆಂದು ಪೋಲೀಸರನ್ನು ಕೈಯಾರೆ ತಡೆಯಲು ಹೋಗುವುದು ಜಾಣತನವಲ್ಲ. ಶೋಧನೆ ಸಕ್ರಮವೋ ಅಕ್ರಮವೋ ಎಂಬುದನ್ನು ಹೊಸ್ತಿಲಲ್ಲಿ ನಿಂತು ನಿರ್ಣಯಿಸುವುದು ಕಷ್ಟ. ನಮ್ಮ ಊಹೆ ತಪ್ಪಿದರೆ ಅಡ್ಡಿಮಾಡಿದ ಅಪರಾಧ ನಮ್ಮ ತಲೆಯ ಮೇಲೆ ಬರುತ್ತದೆ. 1973ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪಿನಲ್ಲಿ, ಅಕ್ರಮ ಶೋಧನೆಯಿಂದ ಸಿಕ್ಕ ಸಾಕ್ಷ್ಯವನ್ನೂ ಸಾಮಾನ್ಯವಾಗಿ ಪರಿಶೀಲನೆಗೆ ತೆಗೆದುಕೊಳ್ಳಬಹುದೆಂದು ಹೇಳಿದೆ. ಆದುದರಿಂದ "ಕಾಗದವಿಲ್ಲದೆ ಬಂದರು, ಇನ್ನು ಏನು ಸಿಕ್ಕರೂ ಮೊಕದ್ದಮೆ ಬಿದ್ದುಹೋಗುತ್ತದೆ" ಎಂದು ನಂಬಿ ಕೂರಬಾರದು.

ಮಾಲೀಕ, ಬ್ಯಾಂಕು, ಫೋನು

ಹೊಸೂರಿನ ಕಾರ್ಖಾನೆಗಳಿಗೆ ಹೋಗುವ ಹುಡುಗರು ಸುತ್ತಲಿನ ಊರುಗಳಲ್ಲಿ ಬಾಡಿಗೆ ಕೋಣೆ ಹಿಡಿದಿರುತ್ತಾರೆ. ಮಾಲೀಕನಲ್ಲಿ ಇನ್ನೊಂದು ಬೀಗದ ಕೈ ಇರುತ್ತದೆ. ಅದನ್ನು ಕೊಟ್ಟು "ನನ್ನ ಮನೆ, ನನ್ನ ಒಪ್ಪಿಗೆ" ಎನ್ನುವುದು ಸುಲಭ. ಆದರೆ ಕೋಣೆಯನ್ನು ಬಾಡಿಗೆಗೆ ಕೊಟ್ಟ ಮೇಲೆ ಅಲ್ಲಿ ವಾಸಿಸುವವನು ಬಾಡಿಗೆದಾರ. ಪೋಲೀಸರ ಅಧಿಕಾರ ಅವರ ಕಾಗದದಿಂದ ಬರಬೇಕೇ ಹೊರತು ಮಾಲೀಕನ ಕೀಲಿಕೈಯಿಂದಲ್ಲ. ಒಳ್ಳೆಯ ಮಾಲೀಕನು ಕಾಗದ ತೋರಿಸಲು ಕೇಳಿ, ಬಾಡಿಗೆದಾರನಿಗೆ ಸುದ್ದಿ ಮುಟ್ಟಿಸಿ, ಅವನು ಬರಲಾರದಿದ್ದರೆ ಅವನ ಪರವಾಗಿ ಯಾರಾದರೂ ನಿಂತು ನೋಡುವಂತೆ ಮಾಡುತ್ತಾನೆ.

ನಮ್ಮ ಕಾಗದಪತ್ರ ಮೂರನೆಯವರ ಕೈಯಲ್ಲಿದ್ದರೆ? ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕು ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಮುಂದೆ ಎದುರಿಸಿತು. ಬ್ಯಾಂಕಿನಲ್ಲಿರುವ ಗಿರಾಕಿಗಳ ದಾಖಲೆಗಳನ್ನು ಕಲೆಕ್ಟರು ಅಧಿಕಾರ ಕೊಟ್ಟ ಯಾರು ಬೇಕಾದರೂ ನೋಡಿ ಜಪ್ತಿ ಮಾಡಬಹುದೆಂದು ಆಂಧ್ರ ಪ್ರದೇಶದ ಸ್ಟಾಂಪು ಕಾನೂನಿಗೆ ತಿದ್ದುಪಡಿ ತರಲಾಗಿತ್ತು. 2004ರ ನವೆಂಬರಿನಲ್ಲಿ ಕೋರ್ಟು ಆ ಕಲಮನ್ನು ರದ್ದು ಮಾಡಿತು. ಬ್ಯಾಂಕಿಗೆ ಒಪ್ಪಿಸಿದ ಮಾತ್ರಕ್ಕೆ ಕಾಗದದ ಗುಟ್ಟು ಬಯಲಾಗುವುದಿಲ್ಲ, ಖಾಸಗಿತನ ಇರುವುದು ಮನುಷ್ಯನಿಗೆ, ಸ್ಥಳಕ್ಕಲ್ಲ ಎಂಬುದು ಆ ತೀರ್ಪಿನ ಸಾರ.

ಇಂದಿನ ಪೆಟ್ಟಿಗೆಯೆಂದರೆ ಮೊಬೈಲ್ ಫೋನು. 2021ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟು ಇದರ ಬಗ್ಗೆ ವಿವರವಾದ ತೀರ್ಪು ಕೊಟ್ಟಿತು. ತನಿಖಾಧಿಕಾರಿ ಫೋನಿನ ಗುಪ್ತಪದ ಕೇಳಬಹುದು. ಆರೋಪಿ ಕೊಡಬಹುದು ಅಥವಾ ನಿರಾಕರಿಸಬಹುದು. ನಿರಾಕರಿಸಿದರೆ ಕೋರ್ಟಿನಿಂದ ಶೋಧನಾ ವಾರಂಟು ಪಡೆಯಬೇಕು. ತೀರ ತುರ್ತಾದರೆ ಕಾರಣ ಬರೆದಿಟ್ಟು ಮುಂದುವರಿಯಬಹುದು ಎಂದಿತು. ಸುಳ್ಳುಪತ್ತೆ ಪರೀಕ್ಷೆಯ ಬಗ್ಗೆ ಅದೇ ತೀರ್ಪು, ಆರೋಪಿ ಸುಮ್ಮನಿದ್ದರೆ ಅದನ್ನು ನಿರಾಕರಣೆಯೆಂದೇ ತಿಳಿಯಬೇಕು ಎಂದಿತು. "ಮೌನಂ ಸಮ್ಮತಿ ಲಕ್ಷಣಂ" ಎಂಬ ನಾಣ್ಣುಡಿ ಅಲ್ಲಿ ನಡೆಯಲಿಲ್ಲ. ಇಂಥ ಪರೀಕ್ಷೆಗಳನ್ನು ಒಪ್ಪಿಗೆಯಿಲ್ಲದೆ ಮಾಡಬಾರದೆಂದು ಸುಪ್ರೀಂ ಕೋರ್ಟು 2010ರಲ್ಲಿ, ಕರ್ನಾಟಕದಿಂದಲೇ ಬಂದ ಸೆಲ್ವಿ ಮೊಕದ್ದಮೆಯಲ್ಲಿ, ಮೊದಲೇ ಹೇಳಿತ್ತು. ಕರ್ನಾಟಕ ಹೈಕೋರ್ಟಿನ ತೀರ್ಪು ತಮಿಳುನಾಡಿನ ಕೋರ್ಟುಗಳನ್ನು ಕಟ್ಟಿಹಾಕದಿದ್ದರೂ, ಅದರ ತರ್ಕ ತಿಳಿದಿರುವುದು ಒಳ್ಳೆಯದು.

ನಿಯಮ ಸತ್ತ ದಿನ

"ಕಾಗದ, ಪಂಚರು, ಪಟ್ಟಿ, ಇವೆಲ್ಲ ಬರಿಯ ಕಟ್ಟುಪಾಡು, ಕಳ್ಳರನ್ನು ಹಿಡಿಯಲು ಅಡ್ಡಿ" ಎನ್ನುವವರಿದ್ದಾರೆ. ಅವರಿಗೆ ಉತ್ತರ ವಾಚಾತಿ. ಅದು ಹರೂರು ತಾಲ್ಲೂಕಿನ ಬಡ ಬುಡಕಟ್ಟು ಜನರ ಊರು. 1992ರ ಜೂನ್ 20ರಂದು ಅರಣ್ಯ, ಪೋಲೀಸ್ ಮತ್ತು ಕಂದಾಯ ಇಲಾಖೆಗಳ ತಂಡ ಶ್ರೀಗಂಧ ಹುಡುಕುವ ಹೆಸರಿನಲ್ಲಿ ಆ ಊರಿಗೆ ನುಗ್ಗಿತು. ಮನೆಗಳು ಹಾಳಾದವು, ಜನ ಏಟು ತಿಂದರು, 18 ಮಂದಿ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ಮೊಕದ್ದಮೆ ನಡೆದದ್ದು 269 ಜನ ಸರಕಾರಿ ನೌಕರರ ಮೇಲೆ. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ಸೆಷನ್ಸ್ ಕೋರ್ಟು, ಆ ವೇಳೆಗೆ ಬದುಕಿದ್ದ 215 ಜನರೆಲ್ಲರೂ ಅಪರಾಧಿಗಳೆಂದು ತೀರ್ಪಿತ್ತಿತು. ಸರಿಯಾಗಿ 12 ವರ್ಷಗಳ ಮೇಲೆ, 2023ರ ಸೆಪ್ಟೆಂಬರ್ 29ರಂದು, ಮದ್ರಾಸ್ ಹೈಕೋರ್ಟು ಅದನ್ನು ಎತ್ತಿಹಿಡಿಯಿತು.

1992ರಲ್ಲಿ ಕೃಷ್ಣಗಿರಿ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. ಅದು ಬೇರೆಯಾದದ್ದು 2004ರಲ್ಲಿ. ಅಂದು ವಾಚಾತಿಯೂ ನಮ್ಮ ಸೂಳಗಿರಿಯೂ ಒಂದೇ ಧರ್ಮಪುರಿ ಜಿಲ್ಲೆಯ ಊರುಗಳು. ಎಲ್ಲ ಪೋಲೀಸರೂ ಹಾಗೆ ಎಂದು ಇದರಿಂದ ತಿಳಿಯಬಾರದು. ನಮ್ಮ ಕಳವಾದ ದನ, ಎಮ್ಮೆ, ಬೈಕುಗಳನ್ನು ಹುಡುಕಿಕೊಡುವವರೂ ಪೋಲೀಸರೇ. ಅದಕ್ಕಾಗಿ ಅವರಿಗೆ ಶೋಧಿಸುವ ಅಧಿಕಾರ ಬೇಕೇ ಬೇಕು. ಆದರೆ ಯಾರೂ ಪ್ರಶ್ನಿಸದ ಅಧಿಕಾರ ಒಂದು ಊರಿನ ಮೇಲೆ ಹೇಗೆ ಎರಗಬಹುದು ಎಂಬುದಕ್ಕೆ ವಾಚಾತಿ ಸಾಕ್ಷಿ. ನಿಯಮಗಳು ಪ್ರಾಮಾಣಿಕ ಅಧಿಕಾರಿಯನ್ನೂ ಕಾಯುತ್ತವೆ. ಪಂಚರೆದುರು, ಚಿತ್ರೀಕರಣದೊಡನೆ ಶೋಧಿಸಿದ ಅಧಿಕಾರಿಯನ್ನು "ನೀವೇ ತಂದಿಟ್ಟಿರಿ" ಎಂದು ಯಾರೂ ಸುಲಭವಾಗಿ ದೂರಲಾರರು.

ನಾವು ಮಾಡಬೇಕಾದುದು

1. ಗಾಬರಿಪಡಬೇಡಿರಿ, ಓಡಬೇಡಿರಿ, ಕೂಗಾಡಬೇಡಿರಿ. ಬಂದವರ ಹೆಸರು, ಠಾಣೆ, ಬಂದ ಕಾರಣವನ್ನು ಮರ್ಯಾದೆಯಿಂದ ಕೇಳಿರಿ.

2. "ಸಾರ್, ವಾರಂಟು ಅಥವಾ ಕಾರಣ ಬರೆದ ಕಾಗದ ತೋರಿಸುತ್ತೀರಾ? ಅಪ್ಪನಿಗೆ ಫೋನು ಮಾಡುತ್ತೇನೆ" ಎನ್ನುವುದು ಉದ್ಧಟತನವಲ್ಲ. ಕಾಗದವಿದ್ದರೆ ಬಾಗಿಲು ತೆರೆಯಿರಿ. ಇಲ್ಲದಿದ್ದರೂ ಮೈಮೇಲೆ ಬೀಳಬೇಡಿರಿ, "ನಾನು ಒಪ್ಪಿಗೆ ಕೊಡಲಾರೆ, ಹಿರಿಯರು ಬರಲಿ" ಎಂದು ಸ್ಪಷ್ಟವಾಗಿ ಹೇಳಿರಿ.

3. ನೆರೆಯ ಹಿರಿಯರನ್ನು ಕರೆಯಿರಿ. ಶೋಧನೆ ನಡೆಯುವ ಕೋಣೆಯಲ್ಲಿ ಮನೆಯವರೊಬ್ಬರು ನಿಂತು ನೋಡಲಿ.

4. ಮಹಜರನ್ನು ಓದದೆ ಯಾರೂ ರುಜು ಹಾಕಬಾರದು. ಖಾಲಿ ಕಾಗದಕ್ಕಂತೂ ಎಂದಿಗೂ ಹಾಕಬಾರದು. ಇಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ವಿಶೇಷ ಹೊಣೆಯಿದೆ. ನಮ್ಮ ಜಿಲ್ಲೆಯಲ್ಲಿ ಮಹಜರು ತಮಿಳಿನಲ್ಲಿರುತ್ತದೆ. ಮನೆಯ ಅಜ್ಜ ಅಜ್ಜಿಯರಿಗೆ ಕನ್ನಡವೋ ತೆಲುಗೋ ಮಾತ್ರ ಬರಬಹುದು. 2006ರ ತಮಿಳು ಕಲಿಕಾ ಕಾಯಿದೆಯಿಂದಾಗಿ ಕನ್ನಡ ಮಾಧ್ಯಮದ ನೀವು ಎರಡು ಲಿಪಿಗಳನ್ನೂ ಓದಬಲ್ಲಿರಿ. ಪ್ರತಿ ಸಾಲನ್ನೂ ಓದಿ, ಹಿರಿಯರಿಗೆ ಕನ್ನಡದಲ್ಲಿ ತಿಳಿಹೇಳಿರಿ.

5. ಪಟ್ಟಿಯ ಪ್ರತಿಯನ್ನು ಕೇಳಿ ಪಡೆದು ಜೋಪಾನವಾಗಿಡಿರಿ. ದಿನಾಂಕ, ವೇಳೆ, ಯಾರು ಬಂದರು, ಕೀಲಿಕೈ ಯಾರು ಕೊಟ್ಟರು ಎಂಬುದನ್ನು ಅಂದೇ ನೋಟುಪುಸ್ತಕದಲ್ಲಿ ಬರೆದಿಡಿರಿ.

6. ಸಾಕ್ಷಿ ಹೇಳಲು 15 ವರ್ಷದೊಳಗಿನ ಹುಡುಗರನ್ನೂ, ಯಾವ ವಯಸ್ಸಿನ ಹೆಂಗಸರನ್ನೂ, 60 ಮೀರಿದ ಗಂಡಸರನ್ನೂ ಠಾಣೆಗೆ ಬರುವಂತೆ ಬಲವಂತ ಮಾಡುವಂತಿಲ್ಲ; ಅವರಿರುವಲ್ಲಿಯೇ ಬಂದು ಕೇಳಬೇಕು (179ನೆಯ ಕಲಮು).

7. ಅನ್ಯಾಯವಾಗಿದೆಯೆಂದು ಕಂಡರೆ ಉಚಿತ ಕಾನೂನು ನೆರವಿಗೆ 15100, ಮಕ್ಕಳ ಸಹಾಯಕ್ಕೆ 1098 ಸಂಖ್ಯೆಗೆ ಕರೆಮಾಡಬಹುದು. ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ವಕೀಲರ ನೆರವು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಹೇಳುತ್ತದೆ.

ಪಾಲಕರಿಗೂ ಒಂದು ಮಾತು. ಮನೆಯ ಮಕ್ಕಳಿಗೆ ಇದನ್ನು ಹೇಳಿಕೊಡುವುದರಿಂದ ಅವರು ಪೋಲೀಸರಿಗೆ ಎದುರಾಡುವವರಾಗುತ್ತಾರೆಂದು ಅಂಜಬೇಡಿರಿ. ಕಾನೂನು ತಿಳಿದ ಮಗು ಕಾನೂನಿಗೆ ಹೆಚ್ಚು ವಿಧೇಯವಾಗಿರುತ್ತದೆ, ಭಯಕ್ಕೆ ಮಾತ್ರ ಕಡಿಮೆ ವಿಧೇಯವಾಗಿರುತ್ತದೆ. ಕಾಗದ ತಂದ ಅಧಿಕಾರಿಗೆ ಬಾಗಿಲು ತೆರೆಯುವುದನ್ನೂ, ಕಾಗದ ಎಲ್ಲಿ ಎಂದು ವಿನಯದಿಂದ ಕೇಳುವುದನ್ನೂ ಎರಡನ್ನೂ ಕಲಿತವನೇ ಮುಂದೆ ಒಳ್ಳೆಯ ಪಂಚನಾಗುತ್ತಾನೆ, ಒಳ್ಳೆಯ ಪೋಲೀಸನೂ ಆಗಬಹುದು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ವಾರಂಟಿಲ್ಲದೆ ಶೋಧಿಸುವ ಅಧಿಕಾರಿ ಮೊದಲು ಮಾಡಬೇಕಾದ ಕೆಲಸ ಯಾವುದು? ಅದರ ಪ್ರತಿ ಎಷ್ಟು ಗಂಟೆಗಳೊಳಗೆ, ಯಾರಿಗೆ ತಲುಪಬೇಕು?

2. ಅಂಚೆ ಪೇದೆಯ ಮೊಕದ್ದಮೆಯಲ್ಲಿ ತಂದೆಯು ಕೀಲಿಕೈ ಕೊಟ್ಟದ್ದರಿಂದ ಮಗನಿಗಾದ ಪ್ರಯೋಜನವೇನು?

3. ಒಬ್ಬ ವಿದ್ಯಾರ್ಥಿಯ ಟ್ರಂಕನ್ನು ಹಾಸ್ಟೆಲಿನ ವಾರ್ಡನ್ನರ ಒಪ್ಪಿಗೆಯಿಂದ ಮಾತ್ರ ಪೋಲೀಸರು ತೆರೆದರೆಂದು ಭಾವಿಸಿರಿ. ಅಮೆರಿಕದ ಕೋರ್ಟು ಯಾವ ಪ್ರಶ್ನೆ ಕೇಳುವುದು? ನಮ್ಮ ಸಂಹಿತೆ ಯಾವ ಪ್ರಶ್ನೆ ಕೇಳುವುದು?

4. ನಿಮ್ಮ ಮನೆಯಲ್ಲಿ ತಮಿಳು ಓದಲು ಬಾರದ ಹಿರಿಯರು ಯಾರಿದ್ದಾರೆ? ಈ ಪಾಠವನ್ನು ಅವರಿಗೆ ಓದಿ ಹೇಳಿರಿ.